ಮತ್ತು ಸಂಗಡಿಗರು

ಏಳನೇ ಕಾಲಂ ಖಾಲಿ ಅದಲ್ರೀ ಅಮ್ಮಾ, ಅಂದ ಸಾಹೇಬ.
ಹಾಡಿದ್ದಕ್ಕ ಪುರಾವೆ ಬೇಕು,
ಹೆಸರಿದ್ದ ಕ್ಯಾಸೆಟ್ಟು, ಫೋಟೊ, ಪೇಪರಿನ ತುಂಡು,
ಏನರ ಒಂದು.

ಏನರ ಒಂದು.
ಕುರ್ಚಿ ತುದಿಗಿ ಕುಂತು ನೆನಸಾಕತ್ತೀನಿ.

ಗಂಜಿನ್ಯಾಗ ಬ್ಯಾಳಿ ಮಿಲ್ಲಿನ ಮ್ಯಾಲ
ಮಶಾಕಸಾಬನ ಖೋಲಿ.
ಗ್ವಾಡಿಗೆಲ್ಲಾ ತತ್ತಿ ಟ್ರೇ, ತೊಗರಿ ಚೀಲ,
ಬಾಗಲಿಗಿ ಅವನ ಹೇಣ್ತಿ ಲಗ್ನದ ರಜಾಯಿ.
ರಾತ್ರಿ ಹನ್ನೊಂದಕ್ಕ ಮಿಲ್ಲು ನಿಂತ ಮ್ಯಾಲ
ನಮ್ಮ ಹಗಲು ಚಾಲೂ.
ಕಲಬುರಗಿ ಮೇ ತಿಂಗಳು,
ಫಂಕಾ ಬಂದ್ ಮಾಡಂತಿದ್ದ, ಅದರ ಸಪ್ಪಳ ಮೈಕಿಗಿ ಬೀಳತದಂತ.
ಬೆವರು ಮೊಣಕೈತನಾ ಇಳದು
ಪರಸಿಗಲ್ಲಿನ ಮ್ಯಾಲ ತೊಟಕ್ ಅಂದ್ರ ಸಾಕು,
ಕಟ್! ಯಾರ ಬೆವರದು?
ನಾಕೂ ಮಂದಿ ನಗು ನುಂಗಿ ಮತ್ತ ಮೊದಲಿಂದ.

ಒಂದ ಮೈಕು, ನಾಕು ಬಾಯಿ.
ನನ್ನ ದನಿ ಚೂಪು,
ಅದಕ್ಕ ಎರಡ ಹೆಜ್ಜಿ ಹಿಂದ ನಿಂದ್ರಸತಿದ್ದ.
ಸೀಮೆಸುಣ್ಣದಾಗ ನೆಲದ ಮ್ಯಾಲ ಗೀಟು ಹೊಡದು
ಬಾಜೂಕ ಬರದಿದ್ದ: ಜಗದೇವಿ.
ಅದೊಂದ ಕಡಿ ನನ್ನ ಹೆಸರಿತ್ತು, ಸಾಹೇಬ್ರ.
ಕಸ ಹೊಡಿಯಾಕಿ ದಿನಾ ಒರಸತಿದ್ಳು.

ಸಾಬೂನಿಗಿ ಹಾಡೀನಿ, ಸೀರಿ ಅಂಗಡಿಗಿ ಹಾಡೀನಿ,
ಎಲೆಕ್ಷನ್ನಿಗಿ ಒಂದ ರಾತ್ರಿ ಎರಡು ಪಾರ್ಟಿಗಿ,
ಧಾಟಿ ಒಂದ, ಹೆಸರಷ್ಟ ಬದಲಿ.
ಇಬ್ಬರೂ ಸೋತ್ರು.
ಒಬ್ಬಂವ ಇನ್ನಾ ಅರವತ್ತು ರೂಪಾಯಿ ಕೊಡೂದದ.

ರೈಲಿನ್ಯಾಗ ಬಂದಿದ್ಳು ದೊಡ್ಡ ಹಾಡಗಾರ್ತಿ ಒಬ್ಬಾಕಿ.
ಆಕಿ ಕಲೀಲಿಕ್ಕಂತ ನಾ ಮೊದಲ ಹಾಡಿಟ್ಟಿದ್ದೆ.
ಕಿವಿಯಾಗ ನನ್ನ ಇಟಗೊಂಡು
ಬಾಯಿಲೆ ಆಕಿ ಹಾಡಿದ್ಳು,
ಆಮ್ಯಾಲ ನನ್ನ ಅಳಸಿದ್ರು. ಅದು ಪದ್ಧತಿ.
ಚೊಲೋ ಹಾಡಿದ್ಳು, ಸುಳ್ಳ್ಯಾಕ ಹೇಳಲಿ.
ಮೂರನೇ ನುಡಿಯಾಗ ಯವ್ವಾ ಅನ್ನೂದಷ್ಟ ಬರಲಿಲ್ಲ,
ಇಸ್ತ್ರಿ ಮಾಡಿದಂಗ ಬರತಿತ್ತು.
ಹನ್ನೆರಡ ಸಲ ಅಂದ್ಳು,
ರೈಲಿನ ಹೊತ್ತಾತು, ಹೋದ್ಳು.
ಮಶಾಕಸಾಬ ನನ್ನ ಕಡಿ ನೋಡಿದ:
ಒಂದ ಶಬ್ದ, ಜಗದೇವಿ. ಐದು ರೂಪಾಯಿ.

ಅಂದೆ.
ಬ್ಲೇಡಿನಿಂದ ಟೇಪು ಕೊಯ್ದು
ನನ್ನ ಗೇಣು ದನಿ ಆಕಿ ಕೊಳ್ಳಾಗ ಹಚ್ಚಿದ.

ಹುಮನಾಬಾದ ಬೇಸಿನಿಂದ ಹೊಂಡೂ ಟಂಟಂನ್ಯಾಗೆಲ್ಲಾ
ಎರಡ ವರ್ಷ ಅದ ಕ್ಯಾಸೆಟ್ಟು.
ಇಳಿಯೂ ಜಾಗಾ ಬಂದ್ರೂ ಇಳೀದ
ಮೂರನೇ ನುಡಿಗಿ ಕಾಯತಿದ್ದೆ.
ಆ ಶಬ್ದಕ್ಕ ಸರಿಯಾಗಿ ಡ್ರೈವರ ಹಾರನ್ ಹೊಡೀತಿದ್ದ.
ಒಂದಿನಾ ಹೊಡೀಲಿಲ್ಲ.
ಎದುರ ಕುಂತಾಕಿ, ಮಡಲಾಗ ಬದನಿಕಾಯಿ ಇದ್ದಾಕಿ,
ಸೆರಗು ಬಾಯಿಗಿ ಹಿಡದ್ಳು.
ಅದು ನಾ ಅಂತ ಹೆಂಗ ಹೇಳೂದು?
ಮುಂದ ಹಿಂದ ಎಲ್ಲಾ ಆಕೀದ ಹಾಡು.

ಕ್ಯಾಸೆಟ್ಟಿನ ಮ್ಯಾಲ ಆಕಿ ಫೋಟೊ,
ಫೋಟೊದ ಬುಡಕ ನೊಣ ಕುಂತಂಥ ಅಕ್ಷರದಾಗ
ಮತ್ತು ಸಂಗಡಿಗರು.
ಅದರಾಗ ರುಕ್ಮಾಬಾಯಿ ಹೋದ್ಳು,
ಕಾಶೀಬಾಯಿ ಸೋಲಾಪುರದಾಗ ಮಗಳ ಮನ್ಯಾಗ,
ಚೆನ್ನಬಸಮ್ಮಗ ಕಿವಿ ಕೇಳಸೂದಿಲ್ಲ;
ಫೋನ್ ಹಚ್ಚಿದ್ರ ಹೂಂ, ಹೂಂ ಅಂತಾಳ,
ಈಗೂ ಶ್ರುತಿಗಿ ಸರಿಯಾಗಿ.

ಸಾಹೇಬ ಪೆನ್ನು ಕುಟ್ಟಿದ.
ಹೊರಗ ಓಣಿ ತಿರುವಿನ್ಯಾಗ ಕಸದ ಗಾಡಿ ಬಂತು:
ಹಸೀ ಕಸ ಬ್ಯಾರೆ, ಒಣಾ ಕಸ ಬ್ಯಾರೆ,
ಅಕ್ಕಾ ಬಾರವ್ವ, ಅಣ್ಣಾ ಬಾರಪ್ಪ...
ಹ್ವಾದ ವರ್ಷ ಮಶಾಕಸಾಬನ ಮಗ
ಮೊಬೈಲಿನ್ಯಾಗ ಹಾಡಸಿದ್ದ. ನಾಕನೂರು ಕೊಟ್ಟ.
ಫಂಕಾನೂ ತಿರಗಾಕತ್ತಿತ್ತು,
ಕಿವಿಗೊಟ್ಟು ಕೇಳಿದ್ರ ಅದೂ ಕೇಳಸತದ.

ಮುಂಜಾನಿಂದ ಇದೊಂದ ಕಾಟ,
ಸಾಹೇಬ ಎದ್ದು ಕಿಡಕಿ ಹಾಕಿದ.
ಹೌದ್ರಿ, ಭಾಳ ಚೂಪದ, ಅಂದೆ.

ಗಾಜಿನಾಚಿ ಇನ್ನಾ ಹಾಡಾಕತ್ತಿದ್ದೆ
ಸಣ್ಣಗ,
ಎರಡ ಹೆಜ್ಜಿ ಹಿಂದ.

ಹೂಂ, ಹೇಳ್ರಿ. ಪುರಾವೆ?

ಆಧಾರ್ ಕಾರ್ಡಿನ ಝರಾಕ್ಸ್ ಅದ್ರಿ, ಅಂದೆ.
ನಡೀತದೇನು?